ಪಾತ್ರೆ ತೊಳೆಯುವ ಕೋಣೆಯ ಸ್ಪೀಕರ್

ಒಂದೊಂದು ಸ್ಪೀಕರಿಗೂ ಅದರದೇ ಒಂದು ವಿಳಾಸವಿದೆ ಎಂದು ಗೊತ್ತಾದ ದಿನ ಮಾಲತಿ ತಾನು ತಂದಿದ್ದ ಡಬ್ಬಿಯ ಊಟವನ್ನೇ ಮರೆತಳು.

ನೋಡಲು ಅಂಥ ವಿಶೇಷವೇನೂ ಇರಲಿಲ್ಲ. ತಟ್ಟೆಯಷ್ಟು ಅಗಲದ ಬಿಳಿಯ ದುಂಡು ಜಾಲರಿ. ಶಾಲೆಯ ಪ್ರತಿ ತರಗತಿಯ ಚಾವಣಿಗೂ ಒಂದು, ಕಾರಿಡಾರಿನಲ್ಲಿ ಹತ್ತು ಹೆಜ್ಜೆಗೊಂದು, ಊಟದ ಹಾಲಿನಲ್ಲಿ ನಾಲ್ಕು. ಒಟ್ಟು ಅರವತ್ತನಾಲ್ಕು. ಅವನ್ನು ಕೂರಿಸಿದ ಕಂಪನಿಯವನು ಹೊರಡುವ ಮುಂಚೆ ಕಚೇರಿಯ ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ವಿವರಿಸಿದ. ಕಂಪ್ಯೂಟರಿಗೆ ಹೋಗುವಂಥದೇ ಒಂದು ಕೇಬಲ್ಲು ಒಂದೊಂದಕ್ಕೂ ಹೋಗುತ್ತದೆ. ಕರೆಂಟೂ ಅದರಲ್ಲೇ, ಮಾತೂ ಅದರಲ್ಲೇ. ಇಡೀ ಶಾಲೆಗೆ ಹೇಳಬಹುದು, ಬರೀ ಹನ್ನೆರಡನೇ ಕೋಣೆಗೆ ಹೇಳಬಹುದು, ಬೇಕೆಂದರೆ ಮೊದಲ ಮಹಡಿಗೆ ಒಂದು ಮಾತು, ಕೆಳಗಿನವರಿಗೆ ಇನ್ನೊಂದು ಮಾತು. ಬೆಂಕಿಯಾದರೆ ಎಲ್ಲರೂ ಹೊರಗೆ ಬನ್ನಿ ಎನ್ನಬೇಕು. ಆದರೆ ಹೊರಗಿನಿಂದ ಯಾರಾದರೂ ಅಪಾಯ ಹೊತ್ತು ಒಳಗೆ ನುಗ್ಗಿದರೆ ಅದಕ್ಕೆ ತದ್ವಿರುದ್ಧ: ಇದ್ದಲ್ಲೇ ಇರಿ, ಬಾಗಿಲು ಹಾಕಿಕೊಳ್ಳಿ. ಹಳೆಯ ಗಂಟೆಗೆ ಇವೆರಡರ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ.

ಮಾಲತಿಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಬೇರೆಯೇ. ಪ್ರತಿ ಸ್ಪೀಕರಿನೊಳಗೂ ಒಂದು ಪುಟ್ಟ ಮೈಕು ಇತ್ತು. ಸ್ಪೀಕರು ಆಗಾಗ ಒಂದು ಸಣ್ಣ ಸದ್ದು ಮಾಡುತ್ತದೆ, ತನ್ನ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ ಇಡುತ್ತದೆ. ಅಂದರೆ, ನಾನು ಚೆನ್ನಾಗಿದ್ದೇನೆ.

"ಯಾರೂ ವಿಚಾರಿಸೋಕ್ಕೆ ಮುಂಚೆ ತಾನೇ ಹೇಳುತ್ತಾ?" ಎಂದು ಕೇಳಿದಳು.

"ಹೌದು. ಯಾಕೆ?" ಎಂದ ಕಂಪನಿಯವನು.

"ಏನಿಲ್ಲ, ಚೆನ್ನಾಗಿದೆ," ಎಂದಳು.

ಮಾಲತಿಗೆ ಆಗ ನಲವತ್ತೆರಡು. 2017ರ ಫೆಬ್ರವರಿ ತಿಂಗಳು. ಗಂಡ ಸುದರ್ಶನ್ ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಹಿಡಿದು ಅವರು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ಬಂದು ಏಳು ವರ್ಷವಾಗಿತ್ತು. ಅದಕ್ಕೂ ಮುಂಚೆ, ಮಹಿಳಾ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಾಲತಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಐದು ವರ್ಷ ಆಂಪ್ಲಿಫೈಯರ್ ಪರೀಕ್ಷಿಸುವ ಕೆಲಸ ಮಾಡಿದ್ದಳು. ಸಭೆ ಸಮಾರಂಭಗಳಿಗೆ ಕಟ್ಟುವ ಹಾರ್ನು ಸ್ಪೀಕರುಗಳಿಗೆ ಜೋಡಿಸುವಂಥವು. ಅಲ್ಲಿ ಒಂದು ತಂತಿ ಎಳೆದರೆ ಎಲ್ಲ ಹಾರ್ನುಗಳೂ ಒಂದೇ ಮಾತನ್ನು ಒಟ್ಟಿಗೆ ಕಿರುಚುತ್ತಿದ್ದವು. ಮಗಳು ಅವನಿ ಹುಟ್ಟಿದಾಗ ಆ ಕೆಲಸ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ, ಇಬ್ಬರಲ್ಲಿ ಯಾರು ಬಿಡಬೇಕು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ ಅನ್ನುವುದೇ ಸರಿ.

ಸ್ಯಾಂಡ್‌ವಿಕೆನ್‌ನಲ್ಲಿ ಎರಡು ವರ್ಷ ಸ್ವೀಡಿಷ್ ಕಲಿತಳು. ದಾಗಿಸ್ ಎನ್ನುವ ಶಿಶುವಿಹಾರದಲ್ಲಿ ರಜೆ ಹಾಕಿದವರ ಬದಲಿಗೆ ಮಕ್ಕಳಿಗೆ ಚಳಿಯ ಅಂಗಿ ತೊಡಿಸಿದಳು. ವೃದ್ಧರ ಮನೆಗಳಲ್ಲಿ ನೆಲ ಒರೆಸಿದಳು. ಕೊನೆಗೆ ಹಿಂದಿನ ಅಕ್ಟೋಬರಿನಲ್ಲಿ ಊರಂಚಿನ ಈ ಶಾಲೆಯಲ್ಲಿ, ಕಟ್ಟಡ ನೋಡಿಕೊಳ್ಳುವ ಲೆನ್ನಾರ್ಟ್‌ಗೆ ಸಹಾಯಕಿಯಾಗಿ ಆರು ತಿಂಗಳ ಕೆಲಸ ಸಿಕ್ಕಿತು. ಮೊದಲ ದಿನವೇ ಲೆನ್ನಾರ್ಟ್ ಅವಳ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟಿದ್ದ. ಹದಿಮೂರು ವರ್ಷದ ಮೇಲೆ ಯಾರೋ ಒಬ್ಬರು ಅವಳ ಕೈಗೆ ಒರೆಸುವ ಬಟ್ಟೆಯಲ್ಲದೆ ಬೇರೇನನ್ನೋ ಕೊಟ್ಟಿದ್ದರು. ಮಾರ್ಚ್ ಕೊನೆಗೆ ಆ ಆರು ತಿಂಗಳು ಮುಗಿಯುತ್ತಿತ್ತು. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದನ್ನು ಮಾರ್ಚ್ ಹದಿನೇಳರ ಶುಕ್ರವಾರ ಹೇಳುತ್ತೇನೆಂದು ಮುಖ್ಯೋಪಾಧ್ಯಾಯಿನಿ ಆನ್-ಸೋಫಿ ದಿನ ಗೊತ್ತುಮಾಡಿದ್ದರು.

ಸ್ಪೀಕರುಗಳ ವಿಳಾಸ ಮತ್ತು ಕೋಣೆಗಳ ಪಟ್ಟಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಹತ್ತರ ವಿಳಾಸದ್ದು ಹದಿನೇಳರಲ್ಲಿ ಕೂತಿತ್ತು, ಗ್ರಂಥಾಲಯದ್ದು ಶೌಚಾಲಯದ ಮುಂದೆ. ಸರಿಪಡಿಸುವ ಕೆಲಸ ಮಾಲತಿಯದು. ಲೆನ್ನಾರ್ಟ್ ಕಚೇರಿಯಲ್ಲಿ ಕೂತು ಒಂದೊಂದು ವಿಳಾಸಕ್ಕೆ ಸದ್ದು ಕಳಿಸುತ್ತಿದ್ದ. ಅವಳು ಕಿವಿಗೆ ಫೋನು ಒತ್ತಿಕೊಂಡು ಕಟ್ಟಡವೆಲ್ಲ ಅಲೆದು, ಸದ್ದು ಬಂದದ್ದೆಲ್ಲಿ ಎಂದು ಹುಡುಕುತ್ತಿದ್ದಳು. ಹುಡುಕಿ, ಹೆಸರು ಬರೆದು, ಕೋಣೆಯ ನಡುವೆ ನಿಂತು ಸಂದೇಶ ಆಲಿಸಿ, 'ಸ್ಪಷ್ಟವಾಗಿ ಕೇಳುತ್ತದೆ' ಎಂಬ ಅಂಕಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತನ್ನ ಸಹಿ. ಪಾಠಕ್ಕೆ ಅಡ್ಡಿಯಾಗಬಾರದೆಂದು ಇದನ್ನೆಲ್ಲ ಮಕ್ಕಳು ಮನೆಗೆ ಹೋದಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ ಮಾಡುತ್ತಿದ್ದರು. ಪಾತ್ರೆ ತೊಳೆಯುವ ಕೋಣೆಗೆ ಅವಳು ಹೋದಾಗಲೂ ಮೂರು ದಾಟಿತ್ತು. ಸ್ಟೀಲಿನ ಕಟ್ಟೆಗಳು ಒರೆಸಿ ಒಣಗಿದ್ದವು. ದೊಡ್ಡ ಯಂತ್ರದ ಬಾಯಿ ತೆರೆದಿತ್ತು. ಸಂದೇಶ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿತು. ಗುರುತು ಹಾಕಿದಳು, ಸಹಿ ಹಾಕಿದಳು, ಚಪಾತಿ ಹಿಟ್ಟು ಮುಗಿದಿದೆ ಎಂದು ನೆನೆಯುತ್ತಾ ಬಸ್ಸಿಗೆ ಓಡಿದಳು.

ಮಾರ್ಚ್ ಹದಿನಾಲ್ಕರ ಮಂಗಳವಾರ ಹನ್ನೊಂದೂವರೆಗೆ ಅಭ್ಯಾಸ ನಡೆಯಿತು. ಹೊರಗೆ ಅಪಾಯವಿದೆ ಎಂದು ಭಾವಿಸಿ ಇಡೀ ಶಾಲೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸ. ಚಾವಣಿಯಿಂದ ಶಾಂತವಾದ ಹೆಣ್ಣು ದನಿಯೊಂದು ಎರಡು ಸಲ ಹೇಳಿತು. ನಾಲ್ಕು ನಿಮಿಷದಲ್ಲಿ ಕಟ್ಟಡ ಉಸಿರು ಬಿಗಿಹಿಡಿದಂತಾಯಿತು. ಕಂಪ್ಯೂಟರಿನಲ್ಲಿ ಅರವತ್ತನಾಲ್ಕು ಹಸಿರು ಚುಕ್ಕೆ. ಪ್ರತಿ ತರಗತಿಯ ಶಿಕ್ಷಕರು 'ನಮ್ಮಲ್ಲಿ ಎಲ್ಲರೂ ಇದ್ದಾರೆ' ಎಂದು ತಿಳಿಸಿದರು. ಲೆನ್ನಾರ್ಟ್ ಮಾಲತಿಯ ಕೈ ಕುಲುಕಿದ.

ಎರಡು ಗಂಟೆಯ ಕಾಫಿ ಬಿಡುವಿಗೆ, ಇಲ್ಲಿಯವರ ಫಿಕಾಗೆ, ಅಡುಗೆಮನೆಯ ಬ್ರಿಟ್ಟಾ ಕಾಫಿ ಲೋಟ ಹಿಡಿದು ಬಂದಳು. ಅರವತ್ತರ ಹತ್ತಿರದ ಹೆಂಗಸು, ಇಪ್ಪತ್ತು ವರ್ಷದಿಂದ ಅದೇ ಶಾಲೆಯ ಪಾತ್ರೆ ತೊಳೆಯುತ್ತಿರುವವಳು. ಸೆಲಾಮ್ ಅವಳ ಜೊತೆ ಕೆಲಸ ಮಾಡುವವಳು.

"ಅಭ್ಯಾಸ ಹೇಗಾಯ್ತು ಬ್ರಿಟ್ಟಾ?" ಎಂದ ಲೆನ್ನಾರ್ಟ್.

"ಯಾವ ಅಭ್ಯಾಸ?"

"ಇವತ್ತು ಹನ್ನೊಂದೂವರೆದು."

"ಓ, ಅದಕ್ಕೇನಾ ಅಂಗಳದಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ! ನಾನೂ ಸೆಲಾಮೂ ಎಂಜಲು ಡಬ್ಬಿ ಎಳ್ಕೊಂಡು ಹಿಂಬಾಗಿಲಿಂದ ಹೋದ್ವಿ. ಅಬ್ಬಾ ಎಷ್ಟು ಪ್ರಶಾಂತವಾಗಿದೆ ಅಂತ ಅಲ್ಲೇ ಬಿಸಿಲಲ್ಲಿ ನಿಂತು ಐದು ನಿಮಿಷ ಮಾತಾಡಿದ್ವಿ." ಬ್ರಿಟ್ಟಾ ಬಿಸ್ಕತ್ತು ಕಚ್ಚಿದಳು. "ಹಿಂಬಾಗಿಲು ತೆರೆದೇ ಇತ್ತು. ಕಳ್ಳ ಬಂದಿದ್ರೆ ಕಾಫಿ ಕುಡಿದು ಹೋಗಪ್ಪಾ ಅಂತಿದ್ದೆ."

ಎಲ್ಲರೂ ನಕ್ಕರು. ಲೆನ್ನಾರ್ಟ್ ಕೂಡ. ಮಾಲತಿ ಮಾತ್ರ ಲೋಟ ಕೆಳಗಿಟ್ಟಳು. ಎಣಿಕೆ ಆದದ್ದು ತರಗತಿಗಳ ಲೆಕ್ಕದಲ್ಲಿ. ಅವರಿಬ್ಬರು ಯಾವ ತರಗತಿಗೂ ಸೇರಿದವರಲ್ಲ, ಹಾಗಾಗಿ ಅವರು ಕಾಣೆಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಅದು ಬೇರೆಯವರ ತಪ್ಪು ಎನ್ನಬಹುದಿತ್ತು. ಆದರೆ ಆ ಕೋಣೆಯಲ್ಲಿ ಸಂದೇಶ ಸ್ಪಷ್ಟವಾಗಿ ಕೇಳುತ್ತದೆ ಎಂದು ಬರೆದು ಕೆಳಗೆ ಸಹಿ ಹಾಕಿದವಳು ತಾನು. ಶುಕ್ರವಾರಕ್ಕೆ ಇನ್ನು ಮೂರೇ ದಿನ.

ಸಂಜೆ ಮನೆಯಲ್ಲಿ ದೋಸೆಗೆ ಚಟ್ನಿ ರುಬ್ಬುವಾಗಲೂ ಅದೇ ಯೋಚನೆ. ನಾನು ನಿಂತು ಕೇಳಿದ್ದೇನಲ್ಲ, ಕೇಳಿತ್ತಲ್ಲ. ಕೆಟ್ಟಿತೇ? ಹಸಿರು ಚುಕ್ಕೆ ಇತ್ತು. ಮತ್ತೇಕೆ ಅವರಿಗೆ ಕೇಳಲಿಲ್ಲ? ಮಿಕ್ಸಿ ನಿಲ್ಲಿಸಿ ತಿರುಗಿದರೆ ಬಾಗಿಲಲ್ಲಿ ಸುದರ್ಶನ್, ಮುಖ ಕೆಂಪಗೆ.

"ನಾಲ್ಕು ಸಲ ಕೂಗ್ದೆ ಮಾಲೂ. ಲ್ಯಾಪ್‌ಟಾಪ್ ಚಾರ್ಜರ್ ಎಲ್ಲಿ ಅಂತ. ಕಿವಿ ಟೆಸ್ಟ್ ಮಾಡಿಸ್ಕೋ ಅಂತ ಎಷ್ಟು ಸಲ ಹೇಳೋದು ನಿಂಗೆ?"

"ಪಪ್ಪಾ, ಮಿಕ್ಸಿ ಆನ್ ಇತ್ತು. ಫ್ಯಾನ್ ಕೂಡ," ಎಂದು ಸೋಫಾದಿಂದ ಅವನಿ ಇಂಗ್ಲಿಷಿನಲ್ಲಿ ಹೇಳಿದಳು, ಫೋನಿನಿಂದ ತಲೆ ಎತ್ತದೆ. "ಅಬ್ವಿಯಸ್ಲಿ."

ಮಾಲತಿ ಮಿಕ್ಸಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ, ಪೀಣ್ಯದಲ್ಲಿ ಒಂದು ಬೋರ್ಡಿನ ದೋಷ ಸಿಕ್ಕಾಗ ಬರುತ್ತಿದ್ದಂಥ ಹೊಳಪು ಬಂತು.

"ರೀ, ಇಲ್ಲಿ ಬನ್ನಿ. ಈ ದೋಸೆ ನೋಡ್ಕೊಳ್ಳಿ. ಎಡಗೈಯಲ್ಲಿ ಮಿಕ್ಸಿ ಒತ್ತಿ. ಫ್ಯಾನ್ ಮೂರರಲ್ಲಿಡಿ. ನಲ್ಲಿ ಬಿಡಿ."

"ಯಾಕೆ?"

"ಎಕ್ಸ್‌ಪೆರಿಮೆಂಟ್. ನೀವು ಸೈಂಟಿಸ್ಟ್ ತಾನೇ?"

ಅವಳು ಹಾಲಿಗೆ ಹೋಗಿ ಸೋಫಾದಲ್ಲಿ, ಅವನು ದಿನಾ ಕೂರುವ ಜಾಗದಲ್ಲೇ ಕೂತಳು. ಅಲ್ಲಿಂದ ಅವನು ಕೂಗುವಷ್ಟೇ ಗಟ್ಟಿಯಾಗಿ ಕೂಗಿದಳು. "ರೀ, ಸ್ಟೋವ್ ಆರಿಸಿ! ದೋಸೆ ತೆಗೀರಿ!" ಒಂದು ಸಲ, ಎರಡು ಸಲ, ನಾಲ್ಕು ಸಲ. ಮಗಳಿಗೂ ಮೋಜು ಹತ್ತಿ, "ಪಪ್ಪಾ, ಮನೆಗೆ ಬೆಂಕಿ ಬಿದ್ದಿದೆ!" ಎಂದು ಅವನಿ ಸ್ವೀಡಿಷಿನಲ್ಲಿ ಕಿರುಚಿದಳು. ಅಡುಗೆಮನೆಯಿಂದ ಮಿಕ್ಸಿಯ ಗರ್ರ್ ಮಾತ್ರ. ಆಮೇಲೆ ಸೀದ ವಾಸನೆ. ಕೊನೆಗೆ ಸುದರ್ಶನ್ ಕರಕಲಾದ ದೋಸೆಯನ್ನು ಸಟ್ಟುಗದಲ್ಲಿ ಎತ್ತಿ ಹಿಡಿದು ಬಂದ.

"ಕೂಗಿದ್ಯಾ?"

"ಐದು ಸಲ. ಕಿವಿ ಟೆಸ್ಟ್ ಮಾಡಿಸ್ಕೊಳ್ಳಿ."

ಅವನು ನಗಲೋ ಸಿಟ್ಟಾಗಲೋ ಎಂದು ಒಂದು ಕ್ಷಣ ತೂಗಿ ನೋಡಿ ನಕ್ಕ. ಊಟಕ್ಕೆ ಕೂತಾಗ ಮಾಲತಿ ಶಾಲೆಯ ಕಥೆ ಹೇಳಿದಳು. ಅವನ ನಗು ನಿಂತಿತು.

"ಯಾರಾದ್ರೂ ಕೇಳಿದ್ರಾ ನಿನ್ನ?"

"ಇಲ್ಲ."

"ಹಾಗಾದ್ರೆ ಶುಕ್ರವಾರ ಕಳೀಲಿ. ಕೆಲಸ ಕೈಗೆ ಬರ್ಲಿ. ಆಮೇಲೆ ಸೋಮವಾರ, 'ನಂಗೊಂದು ಡೌಟು' ಅಂತ ನಿಧಾನಕ್ಕೆ ಹೇಳು. ಸೈನ್ ಮಾಡಿರೋಳು ನೀನು ಮಾಲೂ. ಇವಳ ಟೆಸ್ಟಿಂಗೇ ಸರಿಯಿಲ್ಲ ಅಂದ್ಬಿಟ್ರೆ?"

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಈ ಊರಲ್ಲಿ ಏನಾಗುತ್ತೆ, ಹೇಳು."

ಅವನು ಕೆಟ್ಟದ್ದನ್ನು ಹೇಳುತ್ತಿರಲಿಲ್ಲ. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿದೆ ಎಂದು ಅವನಿಗೆ ಗೊತ್ತಿತ್ತು. ಮಾಲತಿ ತಟ್ಟೆಗಳನ್ನು ಜೋಡಿಸಿದಳು. ಸಿಂಕಿನ ಮುಂದೆ ನಿಂತಾಗ ಅವಳನ್ನು ಚುಚ್ಚಿದ್ದು ಸಹಿ ಅಲ್ಲ. ಕೆಲಸ ನಡೆಯುವಾಗ ಅಡುಗೆಮನೆ ಎಷ್ಟು ಸದ್ದಿನ ಜಾಗ ಎಂದು ಈ ಲೋಕದಲ್ಲಿ ಯಾರಿಗಾದರೂ ಗೊತ್ತಿರಬೇಕಾದರೆ ಅದು ತನಗೆ. ಲೆನ್ನಾರ್ಟ್‌ಗೆ ಹೊಳೆಯದಿದ್ದರೆ ಸರಿ. ಕಂಪನಿಯವನಿಗೆ ಹೊಳೆಯದಿದ್ದರೂ ಸರಿ. ತಾನು ಹೋಗಿ, ಒರೆಸಿಟ್ಟ ಕೋಣೆಯ ನಡುವೆ ನೆಂಟಳ ಹಾಗೆ ನಿಂತು, ಚೆನ್ನಾಗಿ ಕೇಳುತ್ತದೆ ಎಂದು ಬರೆದು ಬಂದಿದ್ದಳು.

ಬುಧವಾರ ಹನ್ನೊಂದೂ ನಲವತ್ತಕ್ಕೆ, ಮುನ್ನೂರು ಮಕ್ಕಳ ತಟ್ಟೆಗಳು ಬರುವ ಹೊತ್ತಿಗೆ ಸರಿಯಾಗಿ, ಅವಳು ಪಾತ್ರೆ ತೊಳೆಯುವ ಕೋಣೆಗೆ ಹೋದಳು. ಒಳಗೆ ಹಬೆ. ಯಂತ್ರ ಗುಡುಗುತ್ತಿತ್ತು. ಲೋಟದ ಬುಟ್ಟಿಗಳು ಸ್ಟೀಲಿನ ಮೇಲೆ ಧಡ್ ಧಡ್ ಎಂದು ಬೀಳುತ್ತಿದ್ದವು. ಬ್ರಿಟ್ಟಾ ಮತ್ತು ಸೆಲಾಮ್ ಕಿವಿಗೆ ದಪ್ಪನೆಯ ಹಳದಿ ಕವಚ ಹಾಕಿಕೊಂಡು ಕಣ್ಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಸೆಲಾಮ್ ಹುಬ್ಬೆತ್ತಿದರೆ ಚಮಚದ ಬುಟ್ಟಿ, ಬ್ರಿಟ್ಟಾ ಗಲ್ಲ ಆಡಿಸಿದರೆ ನೀರು ನಿಲ್ಲಿಸು. ಅವರ ಭಾಷೆಯನ್ನು ನೋಡುತ್ತಾ ಮಾಲತಿ ಒಂದು ನಿಮಿಷ ತನ್ನ ಕೆಲಸವನ್ನೇ ಮರೆತಳು. ಆಮೇಲೆ ಲೆನ್ನಾರ್ಟ್‌ಗೆ ಫೋನಿನಲ್ಲಿ ಬರೆದಳು: ಇಲ್ಲಿನ ಸ್ಪೀಕರಿಗೆ, ಐವತ್ತೊಂದಕ್ಕೆ, ಸಂದೇಶ ಕಳಿಸು.

ಏನೂ ಕೇಳಲಿಲ್ಲ.

ಕಳಿಸಿದೆ, ಹಸಿರು ಚುಕ್ಕೆ ಬಂದಿದೆ, ಎಂದು ಅವನು ಬರೆದ.

ಇನ್ನೂ ಜೋರಾಗಿ ಕಳಿಸು.

ಕವಚವಿಲ್ಲದ ಅವಳ ಕಿವಿಗೆ ಹಬೆಯ ಆಚೆಯಿಂದ ಯಾರೋ ಗೊಣಗಿದಂತಾಯಿತು. ಬ್ರಿಟ್ಟಾಳ ಕವಚ ಇಸಿದುಕೊಂಡು ಹಾಕಿಕೊಂಡರೆ ಆ ಗೊಣಗಾಟವೂ ಇಲ್ಲ. ಸ್ಪೀಕರು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾತಾಡಿದ್ದೇನೆ ಎಂದಷ್ಟೇ ಅದು ಹೇಳುತ್ತಿತ್ತು. ಇನ್ನೊಬ್ಬರಿಗೆ ಕೇಳಿಸಿತೇ ಎಂಬುದು ಅದರ ಚುಕ್ಕೆಯಲ್ಲಿ ಇರಲಿಲ್ಲ.

ಊರಿನ ಆಡಳಿತ ನಡೆಸುವ ಕೊಮ್ಮುನ್‌ನ ಕಚೇರಿಗಳಲ್ಲೆಲ್ಲ ಇರುವಂತೆ ಈ ಶಾಲೆಯಲ್ಲೂ ಲೋಪ ವರದಿ ಮಾಡುವ ಒಂದು ಫಾರಂ ಇತ್ತು. ಮಾಲತಿ ಅದನ್ನು ತೆರೆದು ಕೂತಳು. ಏನಾಯಿತು, ಎಲ್ಲಿ, ಯಾವಾಗ, ಏನಾಗಬಹುದಿತ್ತು, ಮತ್ತೆ ಆಗದಿರಲು ಏನು ಮಾಡಬೇಕು. ಅವಳು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು. ಪೀಣ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬಿಸಬೇಕಾಗಿದ್ದ ಅಂಕಣವೇ ಇರಲಿಲ್ಲ.

"ಲೆನ್ನಾರ್ಟ್, ಯಾರ ತಪ್ಪು ಅಂತ ಎಲ್ಲಿ ಬರೀಬೇಕು?"

ಅವನು ಕನ್ನಡಕ ಏರಿಸಿ ನೋಡಿದ. "ಫಾರಂ ಕೇಳಲ್ಲ ಅಂದ್ರೆ ಬರೀಬೇಡ."

"ಸಹಿ ನನ್ನದು. ಅವರು ಪಟ್ಟಿ ತೆಗೆದು ನೋಡಿದ್ರೆ ಕಾಣುತ್ತೆ."

"ಯಾರೂ ತೆಗೆಯಲ್ಲ." ಅವನು ದನಿ ತಗ್ಗಿಸಿದ. "ನೋಡು, ಸೋಮವಾರ ಬೇಕಾದ್ರೆ ನಾನೇ ಬರೀತೀನಿ. ನನ್ನನ್ನ ಇನ್ನು ಯಾರೂ ಕೆಲಸದಿಂದ ತೆಗೆಯಲ್ಲ, ಎರಡು ವರ್ಷಕ್ಕೆ ನಿವೃತ್ತಿ."

ಗಂಡನೂ ಲೆನ್ನಾರ್ಟೂ ಒಂದೇ ಸೋಮವಾರ ತೋರಿಸುತ್ತಿದ್ದರು. ಮಾಲತಿ ಹಿಂಬಾಗಿಲನ್ನು ನೆನೆದಳು. ಬಿಸಿಲಿನಲ್ಲಿ ಡಬ್ಬಿಗೆ ಒರಗಿ ನಿಂತ ಇಬ್ಬರು ಹೆಂಗಸರು, ಅವರ ಬೆನ್ನ ಹಿಂದೆ ತೆರೆದ ಬಾಗಿಲು, ಒಳಗೆ ಮುನ್ನೂರು ಮಕ್ಕಳು. ಕಳಿಸುವ ಗುಂಡಿ ಒತ್ತುವ ಮುಂಚೆ ಕೊನೆಯ ಖಾಲಿ ಸಾಲಿನಲ್ಲಿ ಸೇರಿಸಿದಳು: ಈ ಕೋಣೆಯನ್ನು ಪರೀಕ್ಷಿಸಿದವಳು ನಾನು. ಕೆಲಸ ನಡೆಯದ ಹೊತ್ತಿನಲ್ಲಿ ಪರೀಕ್ಷಿಸಿದೆ.

ಶುಕ್ರವಾರ ಆನ್-ಸೋಫಿಯ ಮೇಜಿನ ಮೇಲೆ ಎರಡು ಕಾಗದವಿದ್ದವು. ಒಂದು ಆ ವರದಿ. ಇನ್ನೊಂದು ಕವುಚಿ ಹಾಕಿತ್ತು. ಸ್ವೀಡಿಷಿನಲ್ಲಿ ಎಲ್ಲರಿಗೂ 'ನೀನು' ಎಂದೇ. ಮಾಲತಿಯ ಬಾಯಿ ಅದನ್ನು ಕಲಿತಿದ್ದರೂ ಮುಖ್ಯೋಪಾಧ್ಯಾಯಿನಿಯ ಮುಂದೆ ಬೆನ್ನು ಮಾತ್ರ ತಾನಾಗಿ ನೆಟ್ಟಗಾಗುತ್ತಿತ್ತು.

"ನಿನ್ನ ವರದಿ ಎರಡು ಸಲ ಓದಿದೆ," ಎಂದರು ಆನ್-ಸೋಫಿ. "ಈ ಕಡೆಯ ಸಾಲು ಯಾಕೆ ಬರೆದೆ?"

"ನಿಜ ಅದು."

"ನಿಜಾನೇ. ಆದ್ರೆ ನನಗೆ ಕುತೂಹಲ ಅದಲ್ಲ. ಕೆಲಸ ನಡೆಯದ ಹೊತ್ತಲ್ಲಿ ಅಂತ ಬರೆದಿದ್ದೀಯ. ಬೇರೆ ಎಷ್ಟು ಕೋಣೆ ಹಾಗೆ ಪರೀಕ್ಷೆ ಮಾಡಿದ್ದೀಯ?"

ಮೂರು ದಿನ ಆ ಒಂದೇ ಕೋಣೆಯ ಸುತ್ತ ಸುತ್ತಿದ್ದ ಮಾಲತಿಗೆ ಇದು ಹೊಳೆದೇ ಇರಲಿಲ್ಲ. ಮರಗೆಲಸದ ಕೋಣೆಯ ಗರಗಸ. ಸಂಗೀತದ ಕೋಣೆಯ ಡ್ರಮ್ಮು. ಮಕ್ಕಳು ಚೆಂಡು ಬಡಿಯುವ ವ್ಯಾಯಾಮದ ಹಾಲು. ನೆಲ ಉಜ್ಜುವ ಯಂತ್ರ ಓಡಾಡುವ ಬೆಳಗಿನ ಕಾರಿಡಾರು. ಒಂದನ್ನಾದರೂ ಬಿಟ್ಟು ಹೇಳಬಹುದೇ ಎಂದು ಮನಸ್ಸು ಒಂದು ಕ್ಷಣ ಹುಡುಕಿತು. ಸಿಗಲಿಲ್ಲ.

"ಅರವತ್ತನಾಲ್ಕೂ," ಎಂದಳು.

ಆನ್-ಸೋಫಿ ಪೆನ್ನು ಕೆಳಗಿಟ್ಟರು. ಹೊರಗೆ ಯಾರೋ, ಕಾಲು ಜಾರದಿರಲೆಂದು ಹಿಮದ ಮೇಲೆ ಚೆಲ್ಲಿದ್ದ ಜಲ್ಲಿಯನ್ನು ಗುಡಿಸುತ್ತಿದ್ದರು.

"ಎಲ್ಲ ಮತ್ತೆ ಮಾಡಬೇಕು ಅಂದ್ರೆ ಎಷ್ಟು ದಿನ ಬೇಕು?"

"ನಾಲ್ಕು ವಾರ." ಈಗ ಅವಳ ದನಿ ಸರಾಗವಾಯಿತು, ಇದು ಅವಳಿಗೆ ಗೊತ್ತಿದ್ದ ವಿಷಯ. "ಪಾಠ ನಡೆಯುವಾಗಲೇ ಮಾಡಬೇಕು. ಒಂದೊಂದು ಕೋಣೆಗೂ ಅದರ ಗಲಾಟೆಯ ಹೊತ್ತು ಬೇರೆ. ಕಿವಿಗೆ ಕವಚ ಹಾಕ್ಕೊಳ್ಳುವ ಕಡೆ ಸ್ಪೀಕರ್ ಸಾಲಲ್ಲ, ಮಿನುಗುವ ದೀಪ ಬೇಕು. ಎಣಿಕೆಯ ಪಟ್ಟಿಯಲ್ಲಿ ಅಡುಗೆಮನೆಯವರು, ನೆಲ ಒರೆಸುವವರು ಇರಬೇಕು. ಮತ್ತೆ, ಸಹಿ ನಾನು ಹಾಕಲ್ಲ."

"ಮತ್ಯಾರು?"

"ಆ ಕೋಣೆಯಲ್ಲಿ ದಿನಾ ಕೆಲಸ ಮಾಡುವವರು. ಕೇಳಿಸ್ತಾ, ಇಲ್ವಾ ಅಂತ ಅವರೇ ಹೇಳಬೇಕು. ನಾನು ಅಲ್ಲಿ ಎರಡು ನಿಮಿಷ ನಿಂತು ಬರೋಳು."

"ನಾಲ್ಕು ವಾರ," ಎಂದು ಆನ್-ಸೋಫಿ ಗೋಡೆಯ ಕ್ಯಾಲೆಂಡರು ನೋಡಿದರು. "ನಿನ್ನ ಕೆಲಸ ಎರಡು ವಾರಕ್ಕೆ ಮುಗಿಯುತ್ತೆ."

"ಹೌದು. ಹಾಗಾಗಿ ಒಂದೋ ನನ್ನ ಅವಧಿ ಉದ್ದ ಆಗಬೇಕು, ಇಲ್ಲ ಅರ್ಧ ಶಾಲೆಗೆ ಕೇಳದೇ ಇರಬೇಕು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವಳ ಕಿವಿ ಬಿಸಿಯಾಯಿತು. ಆನ್-ಸೋಫಿ ಗಟ್ಟಿಯಾಗಿ ನಕ್ಕುಬಿಟ್ಟರು. ಕವುಚಿದ ಕಾಗದವನ್ನು ತಿರುಗಿಸಿದರು. ಅದರಲ್ಲಿ ಡಿಸೆಂಬರ್ ಕೊನೆಯವರೆಗೆ ಎಂದಿತ್ತು. ಅವಳು ವರದಿ ಕಳಿಸಿದ ಬುಧವಾರಕ್ಕೆ ಮುಂಚೆಯೇ ಟೈಪಾದದ್ದು, ತಾರೀಕು ನೋಡಿದರೆ ತಿಳಿಯುತ್ತಿತ್ತು.

"ಕಾಯಂ ಮಾಡೋಕ್ಕೆ ನನಗೆ ಈ ವರ್ಷ ಅನುಮತಿ ಇಲ್ಲ ಅಂತ ಹೇಳಬೇಕು ಅಂತಿದ್ದೆ," ಎಂದರು. "ಈಗ ಈ ವರದಿ ಜೊತೆಗಿಟ್ಟು ಇನ್ನೊಂದು ಸಲ ಕೇಳ್ತೀನಿ. ಮಾತು ಕೊಡಲ್ಲ. ಡಿಸೆಂಬರ್ ತನಕ ಅಂತೂ ಇದೆ."

ಬೇಕಾದದ್ದು ಪೂರ್ತಿ ಸಿಗಲಿಲ್ಲ. ಮಾಲತಿ ಸಹಿ ಹಾಕಿದಳು. ಬಸ್ಸಿನಲ್ಲಿ ಕೂತು ಸುದರ್ಶನ್‌ಗೆ ಫೋನು ಮಾಡಿ ಹೇಳಿದಳು. ಮುಂದಿನ ನಾಲ್ಕು ವಾರ ತಾನು ಬೆಳಗ್ಗೆ ಆರೂವರೆಗೇ ಹೊರಡಬೇಕೆಂದೂ ಸೇರಿಸಿದಳು. ಅವನು "ಹಾಗಾದ್ರೆ ಅವನಿ ಬ್ರೇಕ್‌ಫಾಸ್ಟು?" ಎಂದ.

"ಪ್ರಶ್ನೆ ಚೆನ್ನಾಗಿದೆ," ಎಂದಳು ಮಾಲತಿ. "ನೀವು ಉತ್ತರ ಹುಡುಕಿ."

ಸೋಮವಾರ ಹನ್ನೊಂದೂ ನಲವತ್ತಕ್ಕೆ ಹೊಸ ಪಟ್ಟಿ ಹಿಡಿದು ಹಬೆಯ ನಡುವೆ ನಿಂತಳು. ಲೆನ್ನಾರ್ಟ್ ಸಂದೇಶ ಕಳಿಸಿದ. ಬ್ರಿಟ್ಟಾ ಯಂತ್ರಕ್ಕೆ ಬುಟ್ಟಿ ನೂಕುತ್ತಲೇ ಇದ್ದಳು. ಮಾಲತಿ ಅವಳ ಭುಜ ಮುಟ್ಟಿ, ಚಾವಣಿ ತೋರಿಸಿ, ಸೆಲಾಮ್ ಮಾಡುವ ಹಾಗೆಯೇ ಹುಬ್ಬೆತ್ತಿದಳು.

ಬ್ರಿಟ್ಟಾ ಕವಚ ಸರಿಸಿ, ತಲೆಯೆತ್ತಿ ಆಲಿಸಿದಳು. ಆಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿ ಪೆನ್ನು ಕೇಳಿದಳು. 'ಸ್ಪಷ್ಟವಾಗಿ ಕೇಳುತ್ತದೆಯೇ' ಎಂಬುದರ ಮುಂದೆ ದಪ್ಪಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಇಪ್ಪತ್ತು ವರ್ಷದಲ್ಲಿ ಈ ಕೋಣೆಯ ಬಗ್ಗೆ ತನ್ನನ್ನು ಯಾರಾದರೂ ಕೇಳಿದ್ದು ಇದೇ ಮೊದಲು ಎನ್ನುತ್ತಾ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಕಾಗದದ ಮೂಲೆ ಒದ್ದೆಯಾಯಿತು. ಮಾಲತಿ ಅದನ್ನು ಹಾಗೆಯೇ ಫೈಲಿಗೆ ಸೇರಿಸಿಕೊಂಡು, ಗರಗಸ ಶುರುವಾಗುವ ಮುಂಚೆ ತಲುಪಬೇಕೆಂದು ಮರಗೆಲಸದ ಕೋಣೆಯ ಕಡೆ ಬೇಗಬೇಗ ನಡೆದಳು.